ಸರ್ಕಾರಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ: ಆ ಪಾಠವನ್ನು ಹಾರಿಸುವುದು ಇನ್ನಾದರೂ ನಿಲ್ಲಲಿ

ಚಾಕ್‌ಪೀಸ್ ಟೀಚರ್ (ಚರ್ಚೆ ಶುರು ಮಾಡಿದವರು)

ನಾನು ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಸಂತಾನೋತ್ಪತ್ತಿ ಪಾಠ ಬಂದಾಗ ಕ್ಲಾಸಿನಲ್ಲಿ ಏನಾಗುತ್ತದೆ ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ಹೂವಿನ ಪರಾಗಸ್ಪರ್ಶಕ್ಕೆ ಎರಡು ಪೀರಿಯಡ್. ಮನುಷ್ಯರ ವಿಷಯ ಬಂದ ಕೂಡಲೇ "ಇದನ್ನ ಮನೇಲಿ ಓದ್ಕೊಳ್ಳಿ, ಚಿತ್ರ ಒಂದು ಬರೆದು ಅಭ್ಯಾಸ ಮಾಡಿ" ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗುವುದು. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ಮುಂದಿನ ಬೆಂಚಿನವರು ತಲೆ ತಗ್ಗಿಸಿ ಪುಸ್ತಕ ನೋಡುತ್ತಿರುತ್ತಾರೆ. ಮುಗೀತು ಲೈಂಗಿಕ ಶಿಕ್ಷಣ.

ಮುಖ್ಯ ಶಿಕ್ಷಕರ ಒಪ್ಪಿಗೆ ತಗೊಂಡು ನಾನು ಕ್ಲಾಸಿನಲ್ಲಿ ಒಂದು ಪ್ರಶ್ನೆ ಡಬ್ಬ ಇಟ್ಟಿದ್ದೇನೆ. ಹೆಸರು ಬರೆಯುವ ಹಾಗಿಲ್ಲ. ಪ್ರಶ್ನೆ ಇರಲಿ, ಇಲ್ಲದಿರಲಿ, ಎಲ್ಲರೂ ಒಂದು ಚೀಟಿ ಹಾಕಲೇಬೇಕು. ಇಲ್ಲದಿದ್ದರೆ ಬರೆಯುವವರು ಯಾರು ಅಂತ ಪಕ್ಕದವರಿಗೆ ಗೊತ್ತಾಗಿಬಿಡುತ್ತದೆ. ಪ್ರಶ್ನೆ ಇಲ್ಲದವರು "ಏನೂ ಇಲ್ಲ" ಅಂತ ಬರೆದು ಹಾಕುತ್ತಾರೆ. ಉಳಿದ ಚೀಟಿಗಳಲ್ಲಿ ಏನಿರುತ್ತದೆ ನೋಡಿ:

"ಮುತ್ತು ಕೊಟ್ಟರೆ ಮಗು ಆಗುತ್ತಾ?"

"ರಾತ್ರಿ ಬಟ್ಟೆ ಒದ್ದೆ ಆಗಿರುತ್ತೆ. ಮೂತ್ರ ಅಲ್ಲ. ಇದು ಕಾಯಿಲೆನಾ? ಸಾಯ್ತೀನಾ?"

"ಎದೆ ಒಂದು ಕಡೆ ಮಾತ್ರ ಬೆಳೀತಾ ಇದೆ. ಗಡ್ಡೆನಾ ಮಿಸ್?" (ಈ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮೇಲೆ ಅಂಟು ಹಚ್ಚಿ ಹಾಕಿದ್ದರು.)

"ನಮ್ಮವರೇ ಒಬ್ಬರು ಬೇಡ ಅಂದ್ರೂ ಮುಟ್ತಾರೆ. ಯಾರಿಗೂ ಹೇಳಬೇಡ ಅಂದಿದಾರೆ."

ಕೊನೆಯ ಚೀಟಿಯನ್ನು ನಾನು ಅಲ್ಲೇ ಓದಲಿಲ್ಲ. ಅಂಥದ್ದಕ್ಕೆ ಬೇರೆ ದಾರಿಯೇ ಇರಬೇಕು, ಆಮೇಲೆ ಹೇಳುತ್ತೇನೆ. ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಇದರಲ್ಲಿ ಒಂದಕ್ಕೂ ಹೂವಿನ ಪಾಠದಲ್ಲಿ ಉತ್ತರ ಇಲ್ಲ. ಮೊದಲ ಮೂರಕ್ಕೆ ಉತ್ತರ ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಯಾರೂ ಕೊಡದೆ ಇದ್ದದ್ದಕ್ಕೆ ಒಂದು ಹುಡುಗ ಎಷ್ಟು ತಿಂಗಳು ಹೆದರಿಕೊಂಡು ಮಲಗಿದ್ದನೋ.

ಇದಕ್ಕೆ ಅಂತಲೇ ಒಂದು ಮನವಿ ಬರೆಯುತ್ತಿದ್ದೇನೆ. ನನ್ನ ವಾದ ಇಷ್ಟು. ಈ ಶಿಕ್ಷಣ ಸರ್ಕಾರಿ ಶಾಲೆಗಳಲ್ಲಿ ಕಡ್ಡಾಯ ಆಗಬೇಕು. ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಜಾಗ ಇರಬೇಕು. ಚಿಕ್ಕ ತರಗತಿಯಿಂದಲೇ, ಆಯಾ ವಯಸ್ಸಿಗೆ ತಕ್ಕ ಹಾಗೆ ಶುರುವಾಗಬೇಕು. ಸರ್ಕಾರಿ ಶಾಲೆ ಅಂತಲೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಮನೆಯಲ್ಲಿ ಇಂಥ ಮಾತು ಆಡುವ ಅಪ್ಪ ಅಮ್ಮ, ಒಳ್ಳೆ ಪುಸ್ತಕ, ಪರಿಚಯದ ಡಾಕ್ಟರು, ಇವೆಲ್ಲ ಇರುವ ಮಕ್ಕಳು ಹೇಗೋ ಕಲಿಯುತ್ತಾರೆ. ಇದ್ಯಾವುದೂ ಇಲ್ಲದ ಮಗುವಿಗೆ ಇರುವುದು ಶಾಲೆ ಒಂದೇ. ಅಲ್ಲೂ ಬಾಯಿ ಮುಚ್ಚಿದರೆ ಆ ಮಗು ಎಲ್ಲಿಗೆ ಹೋಗಬೇಕು?

---

ಇಬ್ಬರ ಅಪ್ಪ

ಟೀಚರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ನನಗೆ ಒಪ್ಪಿಗೆ ಇಲ್ಲ. ನನ್ನ ಮಗಳಿಗೆ ಏಳು ವರ್ಷ, ಮಗನಿಗೆ ಹನ್ನೆರಡು. ಏಳು ವರ್ಷದ ಮಗುವಿನ ಮುಂದೆ ಲೈಂಗಿಕತೆ ಬಗ್ಗೆ ಏನು ಮಾತಾಡುತ್ತೀರಿ? ಅವಳಿಗೆ ಇನ್ನೂ ಹಲ್ಲು ಬೀಳುತ್ತಾ ಇದೆ. ಗೊತ್ತಿಲ್ಲದ್ದನ್ನು ನೀವಾಗಿ ತಲೆಗೆ ತುಂಬಿದರೆ ಕುತೂಹಲ ಜಾಸ್ತಿ ಆಗುವುದಿಲ್ಲವೇ? ಮಗನಿಗೆ ಕಾಲ ಬಂದಾಗ ನಾನೇ ಹೇಳುತ್ತೇನೆ. ನಮಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾವೇನು ಹಾಳಾಗಿದ್ದೀವಾ?

---

ನೈಟ್ ಡ್ಯೂಟಿ

ಸರ್, "ಕಾಲ ಬಂದಾಗ" ಅಂದಿರಿ. ನಿಮ್ಮ ಮಗನಿಗೆ ಆ ಕಾಲ ಬಂದಾಯಿತು. ಮೈ ಬದಲಾಗುವುದು ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13 ವರ್ಷದ ಒಳಗೆ ಶುರುವಾಗುತ್ತದೆ, ಹುಡುಗರಲ್ಲಿ 9ರಿಂದ 14. ನಿಮ್ಮ ಮಗಳಿಗೂ ಜಾಸ್ತಿ ಸಮಯ ಇಲ್ಲ.

ನಾನು ನರ್ಸ್. ಮೊದಲ ಸಲ ಮುಟ್ಟಾದಾಗ ಒಳಗೆ ಏನೋ ಒಡೆದುಹೋಗಿದೆ ಅಂದುಕೊಂಡು, ಬಟ್ಟೆ ಮುಚ್ಚಿಟ್ಟು, ಎರಡು ದಿನ ಯಾರಿಗೂ ಹೇಳದೆ ಕೂತಿದ್ದ ಹುಡುಗಿಯರನ್ನು ನೋಡಿದ್ದೇನೆ. ಆದಮೇಲೆ ಹೇಳುವುದರಿಂದ ಆ ಎರಡು ದಿನದ ಹೆದರಿಕೆ ವಾಪಸ್ ಹೋಗಲ್ಲ.

"ನಾವೇನು ಹಾಳಾಗಿದ್ದೀವಾ" ಅನ್ನುವುದಕ್ಕೆ ನನ್ನ ಉತ್ತರ ಸ್ವಲ್ಪ ಖಾರ. ಹಾಳಾದವರು ಇಲ್ಲಿ ಬಂದು ಕಾಮೆಂಟ್ ಹಾಕುತ್ತಿಲ್ಲ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ಕ್ಕೆ ಕೊಟ್ಟ ಅಂದಾಜು ನೋಡಿ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ವರ್ಷಕ್ಕೆ ಸುಮಾರು 2 ಕೋಟಿ 10 ಲಕ್ಷ ಗರ್ಭಧಾರಣೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬೇಡದೇ ಆದದ್ದು. ಆ ವಯಸ್ಸಿನ ಹುಡುಗಿಯರ ಸಾವಿಗೆ ಇರುವ ದೊಡ್ಡ ಕಾರಣಗಳಲ್ಲಿ ಬಸಿರು, ಹೆರಿಗೆಯ ತೊಂದರೆಯೂ ಒಂದು. ಲೈಂಗಿಕ ಸೋಂಕುಗಳ ಕಥೆ ಇನ್ನೂ ಬೇರೆ. ಎಷ್ಟೋ ಸೋಂಕುಗಳಿಗೆ ಹೊರಗೆ ಏನೂ ಲಕ್ಷಣವೇ ಕಾಣುವುದಿಲ್ಲ. ನೋವಿಲ್ಲ, ಉರಿಯಿಲ್ಲ ಅಂತ ಸುಮ್ನೆ ಇರುತ್ತಾರೆ. ಪರೀಕ್ಷೆ ಮಾಡಿಸಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಮಾತ್ರೆಯಲ್ಲಿ ವಾಸಿಯಾಗುವ ಸೋಂಕು ಒಳಗೇ ಉಳಿದು ಮುಂದೆ ಮಕ್ಕಳಾಗದ ಹಾಗೆ ಮಾಡಬಹುದು.

ಇನ್ನೊಂದು ಮಾತು. ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ವೈರಸ್. ಅದರ ಲಸಿಕೆಯನ್ನು 9ರಿಂದ 14 ವರ್ಷದ ಹುಡುಗಿಯರಿಗೆ ಕೊಡಬೇಕು, ಅಂದರೆ ಶಾಲೆಗೆ ಹೋಗುವ ವಯಸ್ಸಿಗೇ. ಅದು ಯಾವುದರಿಂದ ಬರುತ್ತದೆ ಅಂತ ಹೇಳದೆ ಲಸಿಕೆ ಮಾತ್ರ ಚುಚ್ಚಿ ಕಳಿಸಿದರೆ, ಮನೆಯವರು ಅನುಮಾನಪಟ್ಟು ಬೇಡ ಅನ್ನುವುದು ಸಹಜ.

---

ಚಾಕ್‌ಪೀಸ್ ಟೀಚರ್

ಇಬ್ಬರ ಅಪ್ಪ ಅವರೇ, ಏಳು ವರ್ಷದ ಮಗುವಿಗೆ ಏನು ಕಲಿಸುತ್ತಾರೆ ಅಂತ ಕೇಳಿದಿರಿ. ಒಳ್ಳೆ ಪ್ರಶ್ನೆ. ಇಲ್ಲಿ ಬಹಳ ಜನಕ್ಕೆ ಗಾಬರಿ ಹುಟ್ಟುವುದೇ ಈ ಒಂದು ಜಾಗದಲ್ಲಿ.

ಯುನೆಸ್ಕೋ 2009ರಲ್ಲಿ ಒಂದು ಮಾರ್ಗಸೂಚಿ ತಂದಿತ್ತು. ಅದನ್ನು ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ ಮುಂತಾದವರ ಜೊತೆ ಸೇರಿ 2018ರಲ್ಲಿ ಪರಿಷ್ಕರಿಸಿದರು. ಅದರಲ್ಲಿ ವಯಸ್ಸನ್ನು ನಾಲ್ಕು ಹಂತ ಮಾಡಿದ್ದಾರೆ: 5ರಿಂದ 8, 9ರಿಂದ 12, 12ರಿಂದ 15, 15ರಿಂದ 18 ಮತ್ತು ಮೇಲೆ. ಮೊದಲ ಹಂತದಲ್ಲಿ ಇರುವುದು ಮೈಯ ಎಲ್ಲ ಭಾಗಕ್ಕೂ ಸರಿಯಾದ ಹೆಸರು ಹೇಳುವುದು, ನಿನ್ನ ಮೈ ನಿನ್ನದು ಅನ್ನುವುದು, ಯಾರಾದರೂ ಇಷ್ಟವಿಲ್ಲದ ಹಾಗೆ ಮುಟ್ಟಿದರೆ ಯಾರಿಗೆ ಹೇಳಬೇಕು ಅನ್ನುವುದು, ಕುಟುಂಬಗಳು ಬೇರೆ ಬೇರೆ ಥರ ಇರುತ್ತವೆ ಅನ್ನುವುದು, ಗೆಳೆತನ. ನಿಮ್ಮ ಮಗಳಿಗೆ ಇದರಲ್ಲಿ ಯಾವುದು ಬೇಡ ಹೇಳಿ. ಗರ್ಭನಿರೋಧಕದ ವಿವರ, ಸೋಂಕು, ಸಂಬಂಧಗಳಲ್ಲಿ ಒತ್ತಾಯ, ಇವೆಲ್ಲ ಹಂತ ಹಂತವಾಗಿ ಆಮೇಲೆ ಬರುತ್ತವೆ. ಒಂದನೇ ತರಗತಿಗೆ ಕೂಡುವುದು ಕಳೆಯುವುದು, ಹತ್ತಕ್ಕೆ ಬೀಜಗಣಿತ. ಇದೂ ಹಾಗೇ.

ಕುತೂಹಲ ಜಾಸ್ತಿ ಆಗುತ್ತದಾ ಅನ್ನುವುದನ್ನೂ ಜನ ಪರೀಕ್ಷೆ ಮಾಡಿ ನೋಡಿದ್ದಾರೆ. 2018ರ ಆ ಮಾರ್ಗಸೂಚಿಯ ಹಿಂದೆ 22 ಅಧ್ಯಯನ ವಿಮರ್ಶೆಗಳು, 77 ಪ್ರಯೋಗಗಳ ಫಲಿತಾಂಶ ಇದೆ. ಪಾಠ ಕೇಳಿದ್ದರಿಂದ ಮಕ್ಕಳು ಲೈಂಗಿಕ ಸಂಪರ್ಕ ಬೇಗ ಶುರು ಹಚ್ಚಿಕೊಂಡರು, ಅಪಾಯದ ನಡವಳಿಕೆ ಜಾಸ್ತಿ ಆಯಿತು ಅನ್ನುವುದು ಕಂಡುಬರಲಿಲ್ಲ. ತಡ ಮಾಡಿದವರು, ಕಾಂಡೋಮ್ ಬಳಕೆ ಹೆಚ್ಚಿಸಿದವರು ಸಿಕ್ಕಿದರು.

"ಬೇಡ, ಮುಟ್ಟಬೇಡ, ಮದುವೆವರೆಗೆ ಕಾಯಿ" ಅಂತ ಮಾತ್ರ ಹೇಳುವ ಪಾಠವನ್ನೂ ಒಂದು ದೇಶ ದುಡ್ಡು ಸುರಿದು ಮಾಡಿ ನೋಡಿತು. ಅಮೆರಿಕ 1996ರ ಕಾನೂನಿನಲ್ಲಿ ಇದಕ್ಕೇ ಅಂತ ವರ್ಷಕ್ಕೆ 5 ಕೋಟಿ ಡಾಲರ್ ಇಟ್ಟಿತು. ಅಲ್ಲಿನ ಸಂಸತ್ತೇ ಕೇಳಿ ಮಾಡಿಸಿದ ಮೌಲ್ಯಮಾಪನ 2007ರಲ್ಲಿ ಬಂತು. ಆ ಪಾಠ ಕೇಳಿದ ಮಕ್ಕಳೂ ಕೇಳದ ಮಕ್ಕಳೂ ಒಂದೇ ಪ್ರಮಾಣದಲ್ಲಿ ಲೈಂಗಿಕ ಸಂಪರ್ಕದಿಂದ ದೂರ ಇದ್ದರು. ಮೊದಲ ಸಲ ಲೈಂಗಿಕ ಸಂಪರ್ಕಕ್ಕೆ ಬಂದಾಗಿನ ಸರಾಸರಿ ವಯಸ್ಸೂ ಎರಡು ಕಡೆ ಒಂದೇ.

---

ಲೆಕ್ಕ ಪಕ್ಕಾ

ಎಲ್ಲರೂ ಬೇಕಾದ ಅಂಕಿ ಮಾತ್ರ ಆರಿಸಿ ಹಾಕುತ್ತಿದ್ದೀರಿ. ನಾನು ಈ ಶಿಕ್ಷಣದ ವಿರೋಧಿ ಅಲ್ಲ. ಆದರೆ 2016ರ ಕಾಕ್ರೇನ್ ವಿಮರ್ಶೆಯನ್ನು (ಆರೋಗ್ಯದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ ಅದು) ಯಾಕೆ ಯಾರೂ ಹೇಳಲಿಲ್ಲ? 8 ದೊಡ್ಡ ಪ್ರಯೋಗಗಳು, 55 ಸಾವಿರಕ್ಕೂ ಹೆಚ್ಚು ಮಕ್ಕಳು. ಆಫ್ರಿಕಾದ ದೇಶಗಳು, ಚಿಲಿ, ಇಂಗ್ಲೆಂಡ್, ಸ್ಕಾಟ್ಲೆಂಡ್ ಎಲ್ಲ ಸೇರಿ. ಮಕ್ಕಳನ್ನು ಕೇಳಿ ಬರೆದುಕೊಂಡಿದ್ದಲ್ಲ, ರಕ್ತಪರೀಕ್ಷೆ, ವೈದ್ಯಕೀಯ ದಾಖಲೆ ನೋಡಿ ಲೆಕ್ಕ ಹಾಕಿದ್ದು. ಬರೀ ಶಾಲೆಯ ಪಾಠದಿಂದ ಎಚ್‌ಐವಿ, ಇತರ ಸೋಂಕು, ಬಸಿರು, ಮೂರರಲ್ಲೂ ಗಮನಾರ್ಹ ಇಳಿಕೆ ಕಾಣಲಿಲ್ಲ. "ನಾನು ಕಾಂಡೋಮ್ ಬಳಸುತ್ತೇನೆ" ಅಂತ ಫಾರಂನಲ್ಲಿ ಟಿಕ್ ಹಾಕುವುದು ಬೇರೆ, ನಿಜವಾಗಿ ಬಳಸುವುದು ಬೇರೆ.

ಹಾಗಾಗಿ "ಇದು ಮಾಡಿದರೆ ಎಲ್ಲ ಸರಿಹೋಗುತ್ತೆ" ಅಂತ ಮಾರಬೇಡಿ. ನಾಳೆ ಸರಿಹೋಗದಿದ್ದಾಗ ವಿರೋಧಿಗಳು ಇದನ್ನೇ ಹಿಡಿದು ನಿಲ್ಲುತ್ತಾರೆ.

---

ನೈಟ್ ಡ್ಯೂಟಿ

ಲೆಕ್ಕ ಪಕ್ಕಾ, ಆ ವಿಮರ್ಶೆ ನನಗೂ ಗೊತ್ತು. ಹೇಳಿದ್ದು ಒಳ್ಳೆಯದೇ ಆಯಿತು. ಅದರಲ್ಲೇ ಇನ್ನೊಂದು ಮಾತಿದೆ, ಅದನ್ನು ನೀವು ಬಿಟ್ಟಿರಿ. ಹುಡುಗಿಯರು ಶಾಲೆ ಬಿಡದ ಹಾಗೆ ಸಮವಸ್ತ್ರ, ಸ್ವಲ್ಪ ಹಣ ಇಂಥ ನೆರವು ಕೊಟ್ಟ ಕಡೆ ಬಸಿರು ಕಡಿಮೆ ಆಗಿರಬಹುದು ಅನ್ನುವ ಸುಳಿವು ಸಿಕ್ಕಿದೆ. ಅಂದರೆ ಪಾಠ ಒಂದೇ ಸಾಲದು. ಅದರ ಹಿಂದೆ ಹೋಗಿ ಕೇಳಬಹುದಾದ ಆಸ್ಪತ್ರೆ ಬೇಕು, ಹದಿನಾರರ ಹುಡುಗಿ ಬಂದರೆ ಮೇಲಿಂದ ಕೆಳಗೆ ನೋಡದ ಸಿಬ್ಬಂದಿ ಬೇಕು. ನಮ್ಮ ವೃತ್ತಿಯಲ್ಲೇ ಅಂಥ ನೋಟ ನೋಡುವವರು ಬೇಕಾದಷ್ಟು ಇದ್ದಾರೆ, ಒಪ್ಪಿಕೊಳ್ಳಬೇಕು.

ಎಂಥ ಪಾಠ ಅನ್ನುವುದೂ ಮುಖ್ಯ. 2015ರಲ್ಲಿ ಇನ್ನೊಂದು ವಿಮರ್ಶೆ ಬಂತು. 22 ಕಾರ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಗಂಡು ಹೆಣ್ಣಿನ ನಡುವಿನ ಅಧಿಕಾರದ ವಿಷಯವನ್ನು, ಅಂದರೆ ಯಾರ ಮಾತು ನಡೆಯುತ್ತೆ, ಬೇಡ ಅನ್ನುವ ಹಕ್ಕು ಯಾರಿಗಿದೆ ಅನ್ನುವುದನ್ನು ನೇರವಾಗಿ ಮಾತಾಡಿದ ಕಾರ್ಯಕ್ರಮಗಳಲ್ಲಿ ಶೇ. 80ರಷ್ಟು ಕಡೆ ಸೋಂಕು ಅಥವಾ ಬೇಡದ ಬಸಿರು ಇಳಿದಿತ್ತು. ಅದನ್ನು ಮುಟ್ಟದೆ ಬರೀ ಅಂಗಾಂಗ, ರೋಗ, ಕಾಂಡೋಮ್ ಅಂತ ಹೇಳಿದ ಕಡೆ ಶೇ. 17. ಕಾಂಡೋಮ್ ಹಾಕುವುದು ಹೇಗೆ ಅಂತ ಹುಡುಗಿಗೆ ಎಷ್ಟು ಚೆನ್ನಾಗಿ ಕಲಿಸಿದರೂ, "ಹಾಕ್ಕೋ" ಅಂತ ಹೇಳುವ ಧೈರ್ಯ, ಹೇಳಿದರೆ ಕೇಳುವ ಹುಡುಗ, ಎರಡೂ ಇಲ್ಲದಿದ್ದರೆ ಏನು ಬಂತು?

ಪೂರ್ತಿ ಶಿಕ್ಷಣ ಬೇಕು ಅಂತ ಒತ್ತಿ ಹೇಳುತ್ತಿರುವುದು ಇದಕ್ಕೇ. ಅರ್ಧ ಪಾಠ ಅರ್ಧ ಕೆಲಸವನ್ನೂ ಮಾಡುವುದಿಲ್ಲ.

---

ಲೆಕ್ಕ ಪಕ್ಕಾ

ಇದು ಒಪ್ಪುವ ಮಾತು. 80 ಮತ್ತು 17ರ ಹಿಂದೆ ಇರುವ ಕಾರ್ಯಕ್ರಮಗಳ ಸಂಖ್ಯೆ ಚಿಕ್ಕದು ಅನ್ನುವುದು ನೆನಪಿರಲಿ, ಅಷ್ಟೇ.

---

ಹಿಂದಿನ ಬೆಂಚು

ನಾನು ಕಾಲೇಜು ವಿದ್ಯಾರ್ಥಿ. ದೊಡ್ಡವರೆಲ್ಲ "ಹೇಳಬೇಕಾ, ಬೇಡ್ವಾ" ಅಂತ ಜಗಳ ಆಡ್ತಾ ಇದೀರಲ್ಲ, ನಮಗೆ ಆಗಲೇ ಯಾರೋ ಹೇಳಿಯಾಗಿದೆ. ಫೋನು.

ನಮ್ಮ ಕ್ಲಾಸಿನಲ್ಲಿ ಹುಡುಗರು ಮೊದಲ ಸಲ ಪೋರ್ನ್ ನೋಡಿದ್ದು ಯಾರೂ ಹುಡುಕಿಕೊಂಡು ಹೋಗಿ ಅಲ್ಲ. ಯಾರೋ ಗ್ರೂಪಿಗೆ ಹಾಕಿದ್ದು, ಗೇಮ್ ಆಡುವಾಗ ಜಾಹೀರಾತಿನಲ್ಲಿ ಬಂದದ್ದು. ಅದನ್ನು ನೋಡಿ ನಾವು ಕಲಿತದ್ದು ಏನು ಗೊತ್ತಾ? ಯಾರೂ ಯಾರನ್ನೂ ಕೇಳುವುದಿಲ್ಲ. ಬೇಡ ಅಂದರೆ ಬೇಕು ಅಂತ ಅರ್ಥ. ಮೈ ಹೀಗೇ ಇರಬೇಕು, ಇಷ್ಟೇ ಹೊತ್ತು ಆಗಬೇಕು. ನಮ್ಮದು ಹಾಗಿಲ್ಲ ಅಂತ ಒಳಗೊಳಗೇ ಕೊರಗುವುದು. ಒಬ್ಬ ಗೆಳೆಯ ಇದೇ ಚಿಂತೆಗೆ ಗೋಡೆ ಮೇಲಿನ ಜಾಹೀರಾತು ನೋಡಿ "ಗುಪ್ತರೋಗ ತಜ್ಞ"ರ ಹತ್ತಿರ ಹೋಗಿ ದುಡ್ಡು ಕಳೆದುಕೊಂಡ. ಅವನಿಗೆ ರೋಗವೇ ಇರಲಿಲ್ಲ.

ಹುಡುಗರ ಕಥೆ ಯಾರೂ ಕೇಳಲ್ಲ. ಶಾಲೆಯಲ್ಲಿ ಒಮ್ಮೆ ಹುಡುಗಿಯರನ್ನು ಮಾತ್ರ ಒಂದು ರೂಮಿಗೆ ಕರೆದು, ಬಾಗಿಲು ಹಾಕಿ, ಪ್ಯಾಡ್ ಕೊಟ್ಟು ಕಳಿಸಿದರು. ನಮ್ಮನ್ನು ಆಟಕ್ಕೆ ಬಿಟ್ಟರು. ನಮಗೆ ಖುಷಿ, ಒಂದು ಪೀರಿಯಡ್ ಆಟ. ಮಾರನೇ ದಿನದಿಂದ ಅವರ ಬ್ಯಾಗ್ ಎಳೆದು ಪ್ಯಾಡ್ ಹುಡುಕಿ ಗೇಲಿ ಮಾಡುವುದೇ ಒಂದು ಆಟವಾಯಿತು. ನಮಗೂ ಕೂರಿಸಿ ಹೇಳಿದ್ದರೆ ಗೇಲಿ ಮಾಡೋಕೆ ಅಲ್ಲಿ ಏನಿರುತ್ತಿತ್ತು?

ಇನ್ನೊಂದು, ಫೋಟೋ. "ಫೋಟೋ ಕಳಿಸು" ಅಂತ ಪೀಡಿಸುವುದು, ಕಳಿಸಿದ ಮೇಲೆ "ಎಲ್ಲರಿಗೂ ಹಾಕ್ತೀನಿ" ಅಂತ ಹೆದರಿಸುವುದು. ಇದು ಹುಡುಗರಿಗೂ ಆಗುತ್ತಿದೆ. ಪರಿಚಯವೇ ಇಲ್ಲದವರು ಹುಡುಗಿ ಹೆಸರಲ್ಲಿ ಮಾತಾಡಿಸಿ, ಫೋಟೋ ತರಿಸಿಕೊಂಡು, ದುಡ್ಡು ಕೇಳುತ್ತಾರೆ. ಮನೆಯಲ್ಲಿ ಹೇಳಿದರೆ ಮೊದಲು ಬೀಳುವುದು ಏಟು. ಅದಕ್ಕೇ ಯಾರೂ ಹೇಳುವುದಿಲ್ಲ. ದುಡ್ಡು ಕೊಡಬೇಡ, ಮೆಸೇಜ್ ಅಳಿಸಬೇಡ, ಅಕೌಂಟ್ ಬ್ಲಾಕ್ ಮಾಡು, ನಂಬುವ ದೊಡ್ಡವರಿಗೆ ಹೇಳು ಅನ್ನುವ ನಾಲ್ಕು ಮಾತನ್ನು ಶಾಲೆಯಲ್ಲಿ ಮೊದಲೇ ಹೇಳಿದ್ದರೆ ಸಾಕಾಗಿತ್ತು.

---

ನಿಧಾನದ ಅಮ್ಮ

ಇಷ್ಟು ಹೊತ್ತು ಓದುತ್ತಾ ಇದ್ದೆ. ನನ್ನ ಮಗನಿಗೆ ಬುದ್ಧಿ ಬೆಳವಣಿಗೆ ನಿಧಾನ. ವಯಸ್ಸು ಹದಿನಾಲ್ಕು, ಮೈ ಹದಿನಾಲ್ಕರದ್ದೇ. ಇಂಥ ಮಕ್ಕಳ ವಿಷಯ ಬಂದರೆ "ಅವರಿಗೆ ಇದೆಲ್ಲ ಎಲ್ಲಿ ಅರ್ಥವಾಗುತ್ತೆ, ಪಾಪ" ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ದೌರ್ಜನ್ಯ ಮಾಡುವವರಿಗೂ ಅದು ಚೆನ್ನಾಗಿ ಗೊತ್ತಿರುತ್ತದೆ. ಹೇಳಲು ಬಾರದ ಮಗು ಅವರಿಗೆ ಸುಲಭ. ಅಂಗವೈಕಲ್ಯ ಇರುವ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಉಳಿದ ಮಕ್ಕಳಿಗಿಂತ ಜಾಸ್ತಿ ಅನ್ನುವುದು ಹಲವು ದೇಶಗಳಲ್ಲಿ ಕಂಡಿರುವ ಸಂಗತಿ.

ನನ್ನ ಮಗನಿಗೆ ಚಿತ್ರಗಳಲ್ಲಿ ಕಲಿಸಿದ್ದೇವೆ. ಮೈಯ ಚಿತ್ರ, ಅದರ ಮೇಲೆ ಬಣ್ಣ. ಸ್ನಾನ ಮಾಡಿಸುವವರು ಯಾರು, ಬಟ್ಟೆ ಬದಲಿಸುವಾಗ ಯಾರು ಇರಬಹುದು, ಯಾರು ಇರಬಾರದು. ಬಾಗಿಲು ಹಾಕಿದ ರೂಮಿನಲ್ಲಿ ಮಾತ್ರ ಮಾಡಬಹುದಾದದ್ದು ಯಾವುದು, ಎಲ್ಲರ ಮುಂದೆ ಮಾಡಬಾರದ್ದು ಯಾವುದು. ದಿನಾ ಅದನ್ನೇ, ಅದನ್ನೇ. ಅವನಿಗೆ ಬಂದಿದೆ. ಯಾರನ್ನಾದರೂ ಅಪ್ಪಿಕೊಳ್ಳುವ ಮೊದಲು ಈಗ ಕೈ ಚಾಚಿ ನಿಂತು ಕಾಯುತ್ತಾನೆ. ಎದುರಿನವರು ಹೂಂ ಅಂದಮೇಲೆ ಅಪ್ಪುತ್ತಾನೆ.

ಟೀಚರ್, ನೀವು ಕೇಳುತ್ತಿರುವ ಪಠ್ಯದಲ್ಲಿ ಇಂಥ ಮಕ್ಕಳಿಗೆ ಬೇರೆ ರೀತಿಯ ಪಾಠವೂ ಇರಲಿ. ಕಡೆಯ ಪುಟದಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಾರದು.

---

ಚಾಕ್‌ಪೀಸ್ ಟೀಚರ್

ಅಕ್ಕ, ಖಂಡಿತ. ಇದನ್ನು ಮನವಿಯಲ್ಲಿ ಮೇಲೆಯೇ ಸೇರಿಸುತ್ತೇನೆ.

ದೌರ್ಜನ್ಯದ ಮಾತು ಬಂದದ್ದಕ್ಕೆ, ಆಗ ಬಿಟ್ಟಿದ್ದ ಆ ಕೊನೆಯ ಚೀಟಿಯ ವಿಷಯ. ಹೆಸರಿಲ್ಲದ ಚೀಟಿ. ಯಾರದ್ದು ಅಂತ ಕೈಬರಹ ನೋಡಿ ಪತ್ತೆ ಹಚ್ಚಿ, ಎಲ್ಲರ ಮುಂದೆ ಕರೆದರೆ ಆ ಮಗು ಇನ್ನೆಂದೂ ಬಾಯಿ ಬಿಡುವುದಿಲ್ಲ. ನಾನು ಇಡೀ ಕ್ಲಾಸಿಗೆ ಹೇಳಿದೆ: ಇಂಥದ್ದು ಯಾರಿಗಾದರೂ ಆಗಿದ್ದರೆ ಅದು ನಿಮ್ಮ ತಪ್ಪಲ್ಲ, ಗುಟ್ಟಾಗಿಡು ಅಂದವರ ಮಾತು ಉಳಿಸಿಕೊಳ್ಳಬೇಕಾಗಿಲ್ಲ, ಇಂಥ ಹೊತ್ತಿಗೆ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇರುತ್ತೇನೆ. ಬಂದರು. ಅಲ್ಲಿಂದ ಮುಂದೆ ಕಾನೂನು ಹೇಳುವ ಹಾಗೆ ನಡೆಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಇಂಥ ಪಾಠದ ಮೇಲೆ ಕಾಕ್ರೇನ್‌ನವರೇ 2015ರಲ್ಲಿ ಇನ್ನೊಂದು ವಿಮರ್ಶೆ ಮಾಡಿದ್ದಾರೆ. 24 ಪ್ರಯೋಗಗಳು. ಪಾಠ ಕೇಳಿದ ಮಕ್ಕಳಲ್ಲಿ ತಮ್ಮನ್ನು ಕಾಪಾಡಿಕೊಳ್ಳುವ ತಿಳಿವಳಿಕೆ ಹೆಚ್ಚಿತ್ತು, ಭಯವೇನೂ ಹೆಚ್ಚಿರಲಿಲ್ಲ. ದೌರ್ಜನ್ಯವೇ ಕಡಿಮೆ ಆಯಿತಾ ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ (ಲೆಕ್ಕ ಪಕ್ಕಾ ಕೇಳುವ ಮೊದಲೇ ಹೇಳಿಬಿಡುತ್ತೇನೆ). ತಡೆಯುವ ಹೊಣೆ ಮಗುವಿನದ್ದೂ ಅಲ್ಲ, ದೊಡ್ಡವರದ್ದು. ಮಗುವಿಗೆ ಹೇಳಲು ಬಾಯಿ ಬರಲಿ ಅನ್ನುವುದಷ್ಟೇ ಪಾಠದ ಕೆಲಸ.

---

ಇಬ್ಬರ ಅಪ್ಪ

ಸುರಕ್ಷತೆಯ ಪಾಠಕ್ಕೆ ನನ್ನ ವಿರೋಧ ಇಲ್ಲ, ಇದನ್ನು ಮೊದಲೇ ಸ್ಪಷ್ಟ ಮಾಡಬೇಕಿತ್ತೇನೋ. ಹಿಂದಿನ ಬೆಂಚು ಬರೆದದ್ದು ಓದಿ ಮಗನ ಫೋನ್ ಬಗ್ಗೆ ಯೋಚನೆ ಹತ್ತಿದೆ. ಆದರೆ ಕಡ್ಡಾಯ ಅಂದಿರಲ್ಲ, ಅಲ್ಲಿ ನನಗೆ ತಕರಾರು. ನನ್ನ ಮಕ್ಕಳಿಗೆ ಏನು ಹೇಳಬೇಕು ಅನ್ನುವುದರಲ್ಲಿ ನನಗೆ ಮಾತೇ ಇಲ್ಲವೇ? ಗರ್ಭನಿರೋಧಕದ ಪಾಠ ನನ್ನ ಮಗನಿಗೆ ಬೇಡ ಅಂತ ನಾನು ಹೇಳಿದರೆ?

---

ಚಾಕ್‌ಪೀಸ್ ಟೀಚರ್

ಮಾತು ಇರಬೇಕು ಸರ್. ಎಷ್ಟರ ಮಟ್ಟಿಗೆ ಅನ್ನುವುದೇ ಪ್ರಶ್ನೆ. ಸ್ವೀಡನ್ 1955ರಲ್ಲೇ ಇದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು. ಇಂಗ್ಲೆಂಡ್ 2020ರ ಸೆಪ್ಟೆಂಬರಿನಿಂದ ಒಂದು ನಡುದಾರಿ ಹಿಡಿದಿದೆ. ಸಂಬಂಧಗಳ ಪಾಠ ಪ್ರಾಥಮಿಕದಿಂದಲೇ ಎಲ್ಲರಿಗೂ ಕಡ್ಡಾಯ, ಅದರಿಂದ ಮಗುವನ್ನು ಬಿಡಿಸುವ ಹಾಗಿಲ್ಲ. ಪ್ರೌಢಶಾಲೆಯ ಲೈಂಗಿಕ ಶಿಕ್ಷಣದ ಭಾಗದಿಂದ ಬಿಡಿಸಿ ಅಂತ ಅಪ್ಪ ಅಮ್ಮ ಕೇಳಬಹುದು. ಆದರೆ ಮಗುವಿಗೆ 16 ತುಂಬಲು ಮೂರು ಟರ್ಮ್ (ಅಂದರೆ ಸುಮಾರು ಒಂದು ಶಾಲಾ ವರ್ಷ) ಇರುವಾಗಿನಿಂದ ಮಗುವೇ "ನನಗೆ ಬೇಕು" ಅಂದರೆ ಶಾಲೆ ಕಲಿಸಬೇಕು. ನನಗೆ ಈ ಕೊನೆಯ ಷರತ್ತು ಬಹಳ ಇಷ್ಟ. ಅಪ್ಪನ ಹಕ್ಕೂ ಇದೆ, ಮಗುವಿನ ಹಕ್ಕೂ ಇದೆ. ಮಗು ಬೆಳೆದ ಹಾಗೆ ತಕ್ಕಡಿ ಅದರ ಕಡೆ ವಾಲುತ್ತದೆ.

ಪೋಷಕರನ್ನು ಬಿಟ್ಟು ಮಾಡಿದರೆ ಇದು ನಿಲ್ಲುವುದಿಲ್ಲ ಅನ್ನುವುದೂ ನಿಜ. ಕೆನಡಾದ ಒಂಟಾರಿಯೊದಲ್ಲಿ 2015ರಲ್ಲಿ ಹೊಸ ಪಠ್ಯ ತಂದಾಗ ಪೋಷಕರು ಬೀದಿಗಿಳಿದರು, ಎಷ್ಟೋ ಜನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. 2018ರಲ್ಲಿ ಸರ್ಕಾರ ಬದಲಾಯಿತು, ಪಠ್ಯ ವಾಪಸ್ ಹೋಯಿತು. 2019ರಲ್ಲಿ ಅದೇ ಸರ್ಕಾರ ತಂದ ಪಠ್ಯ ಹೆಚ್ಚುಕಡಿಮೆ 2015ರ ಹಾಗೇ ಇತ್ತು. ಈ ಎಳೆದಾಟದ ಮಧ್ಯೆ ಒಂದಷ್ಟು ಮಕ್ಕಳು ಹಳೇ ಪಾಠ ಓದಿ ಮುಂದಕ್ಕೆ ಹೋದರು.

ಅದಕ್ಕೇ ನಾನು ಕೇಳುವುದು, ವರ್ಷದ ಶುರುವಿಗೆ ಪೋಷಕರ ಸಭೆ ಕರೆದು ಪುಸ್ತಕ, ಚಿತ್ರ, ಚಾರ್ಟ್ ಎಲ್ಲ ಮೇಜಿನ ಮೇಲೆ ಹರಡಿ ತೋರಿಸಲಿ. ಗುಸುಗುಸು ಹುಟ್ಟುವುದೇ ಕಾಣದ ಪುಸ್ತಕದ ಬಗ್ಗೆ.

---

ವೇದಿಕೆ ನಿರ್ವಾಹಕರು

ಎರಡು ಕಾಮೆಂಟ್ ತೆಗೆದಿದ್ದೇವೆ. ಶಿಕ್ಷಕಿಯರ ಚಾರಿತ್ರ್ಯದ ಬಗ್ಗೆ ಬರೆಯುವವರಿಗೆ ಇಲ್ಲಿ ಜಾಗ ಇಲ್ಲ. ವಿಷಯದ ಮೇಲೆ ಎಷ್ಟು ಬೇಕಾದರೂ ಜಗಳ ಆಡಿ.

---

ಗಣಿತದ ಮೇಷ್ಟ್ರು

ಶಿಕ್ಷಕರ ಕಡೆಯಿಂದ ಒಂದು ಮಾತು. ಈ ಕಾಮೆಂಟ್‌ಗಳಲ್ಲಿ ಎಲ್ಲರೂ ಟೀಚರ್ ಚೆನ್ನಾಗಿ ಪಾಠ ಮಾಡುತ್ತಾರೆ ಅಂತ ಅಂದುಕೊಂಡು ಮಾತಾಡುತ್ತಿದ್ದೀರಿ. ನನ್ನನ್ನೇ ತಗೊಳ್ಳಿ. ನಾಳೆ ಆದೇಶ ಬಂದು "ನೀವು ಮಾಡಿ" ಅಂದರೆ ನನಗೆ ಬೆವರು ಬರುತ್ತದೆ. ಸಿಬ್ಬಂದಿ ಕಡಿಮೆ ಇರುವ ಶಾಲೆಯಲ್ಲಿ ಇದು ಕೊನೆಗೆ ಬೀಳುವುದು ಯಾರ ತಲೆಗೆ? ಆಟದ ಮೇಷ್ಟ್ರಿಗೋ, ಹೊಸದಾಗಿ ಸೇರಿದವರಿಗೋ. ಒಂದು ದಿನದ ತರಬೇತಿ, ಊಟ, ಫೋಟೋ, ಸಹಿ. ಅಷ್ಟೇ.

ನಾಚಿಕೆಪಟ್ಟುಕೊಂಡು ಮಾಡುವ ಪಾಠ ಮಕ್ಕಳಿಗೆ ನಾಚಿಕೆಯನ್ನೇ ಕಲಿಸುತ್ತದೆ. ಇನ್ನು ಕೆಲವರು ಪಾಠದ ಹೆಸರಲ್ಲಿ ತಮ್ಮ ಉಪದೇಶ ತುರುಕುತ್ತಾರೆ: "ಒಳ್ಳೆ ಮನೆತನದ ಹುಡುಗಿಯರು ಹೀಗೆಲ್ಲ ಮಾಡಲ್ಲ." ಆ ಕ್ಲಾಸಿನಲ್ಲಿ ದೌರ್ಜನ್ಯಕ್ಕೆ ಒಳಗಾದ ಒಬ್ಬ ಹುಡುಗಿ ಕೂತಿದ್ದರೆ? ಹುಡುಗರನ್ನೇ ಇಷ್ಟಪಡುವ ಒಬ್ಬ ಹುಡುಗ ಇದ್ದರೆ?

ನನ್ನ ಬೇಡಿಕೆ: ಮೊದಲು ತರಬೇತಿ, ಆಮೇಲೆ ಆದೇಶ. ತರಬೇತಿ ಅಂದರೆ ಭಾಷಣ ಅಲ್ಲ. ಆ ಪದಗಳನ್ನು ನಾವು ಜೋರಾಗಿ ಹೇಳಿ ಅಭ್ಯಾಸ ಮಾಡಬೇಕು. ಮಕ್ಕಳು ಕೇಳುವ ಕಷ್ಟದ ಪ್ರಶ್ನೆ ನಮಗೆ ಕೇಳಿಸಿ, ಉತ್ತರ ಹೇಳಿಸಬೇಕು. "ಇದು ನನ್ನ ಸ್ವಂತ ವಿಷಯ, ಹೇಳಲ್ಲ" ಅಂತ ನಗುತ್ತಾ ಹೇಳುವುದನ್ನೂ ಕಲಿಸಬೇಕು, ಯಾಕೆಂದರೆ "ಸರ್, ನೀವು ಮಾಡಿದ್ದೀರಾ?" ಅಂತ ಒಬ್ಬ ಕೇಳಿಯೇ ಕೇಳುತ್ತಾನೆ. ಪೋಷಕರು ಗಲಾಟೆ ಮಾಡಿದಾಗ ಇಲಾಖೆ ನನ್ನ ಬೆನ್ನಿಗೆ ನಿಲ್ಲುತ್ತದೆ ಅಂತ ಬರಹದಲ್ಲಿ ಬೇಕು. ಮಾಡಲು ಮನಸ್ಸಿಲ್ಲದವರನ್ನು ಬಿಟ್ಟುಬಿಡಿ. ಬಲವಂತದ ಮೇಷ್ಟ್ರಿಂದ ಉಪಕಾರ ಇಲ್ಲ.

---

ಚಾಕ್‌ಪೀಸ್ ಟೀಚರ್

ಮೇಷ್ಟ್ರೇ, "ಮೊದಲು ತರಬೇತಿ, ಆಮೇಲೆ ಆದೇಶ" ಅನ್ನುವುದರಲ್ಲಿ ಮಾತ್ರ ನನಗೆ ಭಿನ್ನಾಭಿಪ್ರಾಯ. ಆದೇಶ ಇಲ್ಲದೆ ತರಬೇತಿಗೆ ಹಣ ಬರುವುದಿಲ್ಲ. ಎರಡೂ ಒಟ್ಟಿಗೇ ಬರಲಿ, ಪಾಠ ಶುರುವಾಗುವುದು ಬೇಕಾದರೆ ಮುಂದಿನ ವರ್ಷ ಇರಲಿ. ಉಳಿದದ್ದೆಲ್ಲ ಹಾಗೇ ಮನವಿಗೆ ಸೇರಿಸುತ್ತಿದ್ದೇನೆ. ಬೆನ್ನಿಗೆ ನಿಲ್ಲುವ ಸಾಲು ಮೊದಲನೆಯದು. ಅಂಕ, ಪರೀಕ್ಷೆ ಬೇಡ ಅಂತಲೂ ಹಾಕಿದ್ದೇನೆ. ಪರೀಕ್ಷೆ ಇಟ್ಟರೆ ಇದೂ ಬಾಯಿಪಾಠ ಆಗುತ್ತದೆ.

---

ಲೆಕ್ಕ ಪಕ್ಕಾ

ಪರೀಕ್ಷೆ ಇಲ್ಲದ ವಿಷಯದ ಪೀರಿಯಡ್ಡನ್ನು ಗಣಿತದವರು ಕಿತ್ತುಕೊಳ್ಳುತ್ತಾರಲ್ಲ ಟೀಚರ್? (ಮೇಷ್ಟ್ರೇ, ಕ್ಷಮಿಸಿ.)

---

ಗಣಿತದ ಮೇಷ್ಟ್ರು

ಕಿತ್ತುಕೊಳ್ಳುತ್ತೇವೆ. ಅದಕ್ಕೇ ಟೈಮ್‌ಟೇಬಲ್‌ನಲ್ಲಿ ಬೆಳಗಿನ ಪೀರಿಯಡ್ ಹಾಕಿಸಿ, ಯಾವ ದಿನ ಏನು ಮಾಡಿದಿರಿ ಅಂತ ದಾಖಲೆ ಇಡುವ ಹಾಗೆ ಮಾಡಿ.

---

ಇಬ್ಬರ ಅಪ್ಪ

ಸಭೆ ಕರೆದು ಪುಸ್ತಕ ತೋರಿಸುವುದು ಅಂದರೆ ನಾನು ಬರುತ್ತೇನೆ. ಗರ್ಭನಿರೋಧಕದ ಪಾಠ ಹನ್ನೆರಡು ವರ್ಷಕ್ಕೆ ಬೇಡ ಅನ್ನುವ ನನ್ನ ಅಭಿಪ್ರಾಯ ಹಾಗೇ ಇದೆ. ಒಂದು ಕೇಳಬೇಕಿತ್ತು. ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸುತ್ತೀರಾ, ಬೇರೆ ಬೇರೆಯಾ?

---

ಹಿಂದಿನ ಬೆಂಚು

ಒಟ್ಟಿಗೇ ಕೂರಿಸಿ. ಬಾಗಿಲು ಹಾಕಿದ ರೂಮಿನ ಕಥೆ ಮೇಲೆ ಹೇಳಿದೆನಲ್ಲ.

---

ನೈಟ್ ಡ್ಯೂಟಿ

ನನಗೆ ಪೂರ್ತಿ ಒಟ್ಟಿಗೆ ಅನ್ನುವುದು ಅಷ್ಟು ಸರಿ ಕಾಣಲ್ಲ. ಮುಟ್ಟಿನ ನೋವು, ಬಿಳಿಸೆರಗು ಇವನ್ನೆಲ್ಲ ಹುಡುಗರ ಮುಂದೆ ಹತ್ತು ವರ್ಷದ ಹುಡುಗಿ ಕೇಳುವುದಿಲ್ಲ.

---

ಚಾಕ್‌ಪೀಸ್ ಟೀಚರ್

ನಾನು ಮಾಡುವುದು ಹೀಗೆ. ಪಾಠ ಎಲ್ಲರಿಗೂ ಒಟ್ಟಿಗೆ. ಮುಟ್ಟಿನ ಪಾಠ ಹುಡುಗರೂ ಕೇಳಬೇಕು, ಒದ್ದೆ ಕನಸಿನ (ನಿದ್ದೆಯಲ್ಲಿ ವೀರ್ಯ ಹೋಗುವುದು) ಪಾಠ ಹುಡುಗಿಯರೂ ಕೇಳಬೇಕು. ಪ್ಯಾಡ್ ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಮುಟ್ಟಿ ನೋಡುತ್ತಾರೆ, ಮೇಲೆ ನೀರು ಸುರಿದು ಎಷ್ಟು ಹೀರುತ್ತದೆ ಅಂತ ತೋರಿಸುತ್ತೇನೆ. ಮೊದಲ ಐದು ನಿಮಿಷ ನಗು ಇರುತ್ತದೆ, ನಗಲಿ ಅಂತ ಬಿಡುತ್ತೇನೆ. ನೀರು ಸುರಿದ ಮೇಲೆ ನಗು ನಿಂತು ಪ್ರಶ್ನೆ ಶುರುವಾಗುತ್ತದೆ. ಆಮೇಲೆ ಪ್ರಶ್ನೆಗೆ ಅಂತ ಒಂದು ಪೀರಿಯಡ್ ಬೇರೆ ಬೇರೆ ಕೂರಿಸುತ್ತೇನೆ. ಹುಡುಗರ ಕಡೆಗೆ ಒಬ್ಬ ಮೇಷ್ಟ್ರು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ನಾನೇ. ಯಾವ ಗುಂಪಿಗೆ ಹೋಗಬೇಕು ಅಂತ ಗೊಂದಲ ಇರುವ ಮಗುವೂ ಕ್ಲಾಸಿನಲ್ಲಿ ಇರಬಹುದು. ಹಾಗಾಗಿ ಡಬ್ಬ ಎರಡೂ ಕಡೆ ಇರುತ್ತದೆ, ಚೀಟಿ ಎಲ್ಲಿ ಬೇಕಾದರೂ ಹಾಕಬಹುದು.

ಮನವಿಯ ಕರಡು ಭಾನುವಾರ ಸಂಜೆ ಇಲ್ಲೇ ಹಾಕುತ್ತೇನೆ. ತಿದ್ದುವವರು ಸಾಲು ಸಂಖ್ಯೆ ಹಾಕಿ ತಿದ್ದಿ.